ಮುಂಜಾನೆ ಮುದುಕಿ, ಸಂಜೆ ಹುಡುಗಿ

ಇವತ್ತು ಮುಂಜಾನೆ ನನ್ನ ಏಳು ವರ್ಷದ ಮಗಳು ಮಂಚದ ಅಂಚಿನಲ್ಲಿ ಕೂತು, ಕಾಲುಚೀಲವನ್ನು ಕೈಯಲ್ಲಿ ಹಿಡಿದುಕೊಂಡು, ಇದನ್ನು ಹಾಕಿಕೊಳ್ಳಲು ಆಗುತ್ತಿಲ್ಲ, ಮೊಣಕಾಲು ನೋಯುತ್ತದೆ ಎಂದಳು. ಜ್ವರ ಬಿಟ್ಟು ಮೂರು ವಾರವಾಗಿದೆ. ನಿನ್ನೆ ಸಂಜೆ ಅಂಗಳದಲ್ಲಿ ಹಗ್ಗದಾಟ ಆಡಿದ್ದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. "ನಿನ್ನಿ ಸಂಜಿಕ ಜಿಗದಾಡಾಕ..." ಎಂದು ಬಾಯಿ ತೆರೆದವಳು ಅರ್ಧಕ್ಕೇ ನುಂಗಿಕೊಂಡೆ. ಅದು ನನ್ನ ಮಾತೇ ಅಲ್ಲ, ನೋಡಿ. ಹನ್ನೊಂದು ವರ್ಷದವಳಿದ್ದಾಗ ದಿನಾ ಮುಂಜಾನೆ ನನಗೇ ಬೀಳುತ್ತಿದ್ದ ಮಾತು.

ಚಿಕೂನ್‌ಗುನ್ಯಾ ಬಂದ ವರ್ಷವದು. ಮನಗೂಳಿ ಹತ್ತಿರದ ನಮ್ಮೂರಲ್ಲಿ ಮನೆಗೊಬ್ಬರಲ್ಲ, ಮನೆಗೆ ಮನೆಯೇ ಮಲಗಿತ್ತು. ಆಮೇಲೆ ಎದ್ದು ನಡೆದವರ ಚಂದವನ್ನು ನೀವು ನೋಡಬೇಕಿತ್ತು. ಒಬ್ಬರು ಬಾತುಕೋಳಿಯ ಹಾಗೆ, ಇನ್ನೊಬ್ಬರು ಗೋಡೆ ಸವರುತ್ತ. ಕೆಂಪು ಬಸ್ಸು ನಮ್ಮೂರಿನವರು ಹತ್ತಿ ಮುಗಿಸುವುದಕ್ಕೇ ಕಾಲು ತಾಸು ನಿಲ್ಲುತ್ತಿತ್ತು. ನಮ್ಮ ಗಣಿತದ ಮಾಸ್ತರರು ಕುರ್ಚಿಯಲ್ಲಿ ಕೂತರೆ ಗಂಟೆ ಬಾರಿಸಿದಾಗ ಇಬ್ಬರು ಹುಡುಗರು ಎಳೆದು ನಿಲ್ಲಿಸಬೇಕಿತ್ತು. ಎಳೆಯುವ ಪಾಳಿಗಾಗಿ ಹುಡುಗರಲ್ಲಿ ಜಗಳವೇ ಆಗುತ್ತಿತ್ತು. ರೊಟ್ಟಿ ಬಡಿಯುವ ಸಪ್ಪಳವೇ ಓಣಿಯಲ್ಲಿ ನಿಂತುಹೋಗಿ, ಊರೆಲ್ಲ ಅನ್ನ ಉಂಡು ಸಿಡಿಮಿಡಿಗೊಂಡಿತ್ತು.

ತಿಂಗಳೊಳಗೆ ಒಬ್ಬೊಬ್ಬರೇ ನೆಟ್ಟಗಾದರು. ಎಲ್ಲರಿಗಿಂತ ಮೊದಲು ನೆಟ್ಟಗಾದವಳು ನಮ್ಮ ಆಯಿ, ಅಂದರೆ ಅಪ್ಪನ ತಾಯಿ. ಎಪ್ಪತ್ತು ದಾಟಿದ್ದಳು. ಆ ಜ್ವರವನ್ನು ತಾನು ಕುಸ್ತಿಯಲ್ಲಿ ಕೆಡವಿದ ಹಾಗೆ ಬಂದವರಿಗೆಲ್ಲ ವರ್ಣಿಸುವಳು. ಉಳಿದವಳು ನಾನೊಬ್ಬಳು. ಡಾಕ್ಟರು, ಮಕ್ಕಳಿಗೆ ಇದು ಬೇಗ ಹೋಗುತ್ತದೆ ಎಂದಿದ್ದರು. ನನಗೆ ಮಾತ್ರ ಹೋಗಲಿಲ್ಲ.

ಹೋಗದಿದ್ದರೂ ಚಿಂತೆಯಿರಲಿಲ್ಲ, ಇಡೀ ದಿನ ಇದ್ದುಬಿಟ್ಟಿದ್ದರೆ! ಆದರೆ ನನ್ನ ನೋವಿಗೆ ಹೊತ್ತುಗೊತ್ತು ಇತ್ತು. ಮುಂಜಾನೆ ಬೆರಳು ಮಡಚುವುದಿಲ್ಲ, ಕೂತರೆ ಏಳಲಾಗುವುದಿಲ್ಲ. ಬಿಸಿಲೇರಿದಂತೆ ಕೀಲುಗಳು ಸಡಿಲಾಗಿ, ಸಂಜೆ ಖೊಖೊ ಆಟದಲ್ಲಿ ನನ್ನನ್ನು ಮುಟ್ಟುವವರಿಲ್ಲ. ಈಗ ನೀವೇ ಹೇಳಿ, ಯಾವ ತಾಯಿ ನಂಬುತ್ತಾಳೆ? ಪಾತ್ರೆ ತಿಕ್ಕುವ ಹೊತ್ತಿಗೆ ಸರಿಯಾಗಿ ಬರುವ ನೋವು, ಆಟದ ಹೊತ್ತಿಗೆ ಸರಿಯಾಗಿ ಹೋಗುವ ನೋವು! ಅವ್ವ ನನಗೆ 'ಮುಂಜಾನಿ ಮುದುಕಿ, ಸಂಜಿ ಹುಡುಗಿ' ಎಂದು ಹೆಸರಿಟ್ಟಳು. ಓಣಿಯವರಿಗೆ ಆ ಹೆಸರು ಬಹಳ ರುಚಿಸಿತು. ಆಯಿಗಂತೂ ನನ್ನ ಮೇಲೆ ಸಿಟ್ಟೇ ಇತ್ತು. ತಾನು ಕೆಡವಿದ ಜ್ವರದ ಮುಂದೆ ಮೊಮ್ಮಗಳು ಸೋಗು ಹಾಕುವುದು ಅವಳಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು.

ನಾನೂ ಒಂದು ಜಾಣತನ ಮಾಡಿದೆ. ಸಂಜೆಯೂ ನೋವಿದೆ ಎಂದು ತೋರಿಸಿದರೆ ಮುಂಜಾನೆಯದನ್ನು ನಂಬಿಯಾರು ಎಂದುಕೊಂಡು, ನಾಲ್ಕು ಸಂಜೆ ಆಟ ಬಿಟ್ಟು ಕಟ್ಟೆಯ ಮೇಲೆ ಕೂತು ನರಳಿದೆ. ನರಳಾಟ ಎಷ್ಟು ಕೆಟ್ಟದಾಗಿತ್ತೆಂದರೆ ನನ್ನ ಗೆಳತಿಯರೇ ನಕ್ಕರು. ಅವ್ವನಿಗೆ ಅನುಮಾನ ಹೋಗಿ ಖಾತ್ರಿಯಾಯಿತು. ಮೇಲಿಂದ, ಕೂತೇ ಇದ್ದುದರಿಂದ ಮರುದಿನದ ಕೀಲುಗಳು ಇನ್ನಷ್ಟು ಬಿಗಿದವು. ನನಗೇ ನನ್ನ ಮೇಲೆ ಸಂಶಯ ಹುಟ್ಟಿತು. ಇಷ್ಟು ಜನ ಹೇಳುತ್ತಿದ್ದಾರೆಂದರೆ ನಾನು ನಿಜವಾಗಿಯೂ ಸುಳ್ಳಿಯೇ ಇರಬೇಕು ಎಂದು ಅನ್ನಿಸತೊಡಗಿತು. ಆಮೇಲೆ ನಾನು ನೋವು ಎನ್ನುವುದನ್ನೇ ಬಿಟ್ಟೆ.

ನನ್ನ ಸೋಗನ್ನು ಕೈಯಾರೆ ಹಿಡಿಯಬೇಕೆಂದು ಆಯಿ ಹೊರಟದ್ದು ಆಗಲೇ. ಅವಳ ತವರೂರು ಹೊರ್ತಿ. ಅವಳಪ್ಪ ಸಂತೆಯಿಂದ ಸಂತೆಗೆ ಎತ್ತು ಕೊಡಿಸುವವನು. ಮಾರುವವರು ಮೊಣಕಾಲು ಹಿಡಿದ ಎತ್ತನ್ನು ಗಿರಾಕಿ ಬರುವ ಮೊದಲೇ ಎರಡು ಸುತ್ತು ಅಡ್ಡಾಡಿಸಿ ಕಾಲು ಬಿಡಿಸಿರುತ್ತಾರಂತೆ. ಆಗ ಅದು ಮದುಮಗನ ಹಾಗೆ ನಡೆಯುತ್ತದಂತೆ. ಅದಕ್ಕೇ ಅವಳಪ್ಪ ಬೆಳಗಾಗುವ ಮುಂಚೆ ಕೊಟ್ಟಿಗೆಗೆ ಹೋಗಿ, ಮಲಗಿದ ಎತ್ತು ತಾನಾಗಿ ಏಳುವುದನ್ನು ಸುಮ್ಮನೆ ಕೂತು ನೋಡುತ್ತಿದ್ದನಂತೆ. ಈ ವಿದ್ಯೆಯನ್ನು ಆಯಿ ನೂರು ಸಲ ಹೇಳಿದ್ದಳು. ಅದನ್ನು ನನ್ನ ಮೇಲೆ ಪ್ರಯೋಗಿಸುವಳೆಂದು ಮಾತ್ರ ನನಗೆ ಹೊಳೆದಿರಲಿಲ್ಲ.

ಒಂದು ಮುಂಜಾನೆ, ಇನ್ನೂ ಬೆಳಕು ಸರಿಯಾಗಿ ಹರಿದಿರಲಿಲ್ಲ, ನಾನು ಎಂದಿನಂತೆ ಎಚ್ಚರಾದೆ. ಬೋರಲಾಗಿ ಹೊರಳಿದೆ. ಮೊಣಕೈ ಊರಿದೆ. ಕೌದಿಯ ಮೂಲೆಯನ್ನು ಹಲ್ಲಲ್ಲಿ ಕಚ್ಚಿಕೊಂಡೆ, ಸಪ್ಪಳ ಹೊರಬಂದರೆ ಮತ್ತೆ ಬೈಗುಳ. ಗೋಡೆಯವರೆಗೆ ಅಂಬೆಗಾಲಿಟ್ಟು, ಗೋಡೆ ಹಿಡಿದು ಒಂದೊಂದೇ ಕಾಲು ನೆಟ್ಟಗೆ ಮಾಡಿದೆ. ಆಮೇಲೆ ಒಂದು ಕೈಯಿಂದ ಇನ್ನೊಂದು ಕೈಯ ಬೆರಳುಗಳನ್ನು ಬಿಡಿಸುತ್ತ ತಿರುಗಿದರೆ, ಜೋಳದ ಚೀಲದ ಪಕ್ಕ ಆಯಿ! ಉಸಿರು ಬಿಗಿಹಿಡಿದು ಕೂತಿದ್ದಾಳೆ. ಕಣ್ಣು ತುಂಬಿವೆ. ನನಗೋ, ಏನು ಕದ್ದು ಸಿಕ್ಕಿಬಿದ್ದೆ ಎನ್ನುವ ಭಯ.

ಅವಳು ಎದ್ದಳು. ನೆಟ್ಟಗೆ ಒಲೆಯ ಹತ್ತಿರ ಹೋಗಿ ಅವ್ವನಿಗೆ ಹೇಳಿದಳು:

"ಸೋಗಲ್ಲವ್ವಾ ಅದು. ನಾ ಕಣ್ಣಾರೆ ನೋಡೀನಿ. ಹುಡುಗಿಗೆ ಹಿಂದಗಾಲ ಎತ್ತಾಕ ಬರವಲ್ದು."

ಹಿಂದಗಾಲು! ನನಗೆ ಅಳು ಬರುವ ಮೊದಲು ನಗು ಬಂತು, ನಕ್ಕರೆ ಸೊಂಟ ನೋಯಿತು, ಮತ್ತೆ ಅಳು ಬಂತು. ಅವ್ವ ಎದ್ದು ಬಂದು ನನ್ನ ಕೈಯನ್ನು ತನ್ನ ಕೈಯಲ್ಲಿ ಹಿಡಿದು ಬೆರಳುಗಳನ್ನು ಒಂದೊಂದಾಗಿ ನೋಡಿದಳು. ಆ ದಿನದಿಂದ ಮುಂಜಾನೆಯ ಪಾತ್ರೆ ಅವಳೇ ತಿಕ್ಕಿದಳು. ಆ ಹೆಸರನ್ನು ಮತ್ತೆಂದೂ ಅವಳ ಬಾಯಿಂದ ನಾನು ಕೇಳಲಿಲ್ಲ.

ಆಯಿ ಮಾತ್ರ ಪಕ್ಕಾ ಎತ್ತಿನ ಉಪಚಾರವನ್ನೇ ಶುರುಮಾಡಿದಳು. ಬಿಸಿನೀರಿನ ಶಾಖ, ಎಣ್ಣೆ, ಆಮೇಲೆ ಶಾಲೆಗೆ ಮುಂಚೆ ಓಣಿಯ ಈ ತುದಿಯಿಂದ ಆ ತುದಿಗೆ ನಾಲ್ಕು ಸುತ್ತು. ಬೆನ್ನ ಮೇಲೆ ಕೈಯಿಟ್ಟು, ನಾಲಿಗೆಯಲ್ಲಿ 'ಚೊ ಚೊ' ಎನ್ನುತ್ತ ನನ್ನನ್ನು ನಡೆಸುವಳು. ನಾಚಿಕೆಯಿಂದ ಸತ್ತೇಹೋಗುತ್ತಿದ್ದೆ. ಶಾಲೆಗೂ ಬಂದು, ಇವಳನ್ನು ನೆಲಕ್ಕೆ ಕೂಡಿಸಬೇಡಿ ಎಂದು ಮಾಸ್ತರರಿಗೆ ತಾಕೀತು ಮಾಡಿ ಹೋದಳು. ಒಂದು ದಿನ ಹಿಟ್ಟಿನ ಗಿರಣಿಯವರು ನಕ್ಕು ಕೇಳಿದರು:

"ಆಯಿ, ಯಾವ ಸಂತಿಗೆ ಹೊಡಕೊಂಡು ಹೊಂಟೀರಿ?"

"ಇದು ಮಾರೂದಲ್ಲ," ಎಂದಳು ಆಯಿ, ನಡಿಗೆ ನಿಲ್ಲಿಸದೆ.

ಯಾವತ್ತು ಗುಣವಾಯಿತೋ ಗೊತ್ತಿಲ್ಲ. ಎಳ್ಳಮಾಸಿ ಹಬ್ಬ ಕಳೆದ ಮೇಲೆ ಒಂದು ಮುಂಜಾನೆ ಚೆಲ್ಲಿದ ಶೇಂಗಾ ಆರಿಸಲು ಕುಕ್ಕರುಗಾಲಲ್ಲಿ ಕೂತವಳು ಹಾಗೇ ಎದ್ದುಬಿಟ್ಟೆ. ಎದ್ದದ್ದು ನನಗೇ ತಿಳಿಯಲಿಲ್ಲ. ಆಯಿ ನೋಡಿ, ಬಾಯಲ್ಲಿದ್ದ ಎಲೆ ಅಡಿಕೆಯನ್ನು ಅಗಿಯುವುದನ್ನೇ ಮರೆತಳು.

ಇವತ್ತು ಮುಂಜಾನೆ ನನ್ನ ಮಗಳು ಮಂಚದ ಮೇಲೆ ತನ್ನ ಪುರಾವೆಗಳನ್ನು ಸಾಲಾಗಿ ಒಪ್ಪಿಸುತ್ತಿದ್ದಳು. ನಿನ್ನೆ ಆಡಿದ್ದು ನಿಜ, ಆದರೆ ಅದು ಸಂಜೆ. ಬೇಕಾದರೆ ಗೆಳತಿಯನ್ನು ಕೇಳು. ಬೇಕಾದರೆ ಈಗ ನಡೆದು ತೋರಿಸುತ್ತೇನೆ. ಏಳು ವರ್ಷದ ಕೂಸು ಇಷ್ಟೆಲ್ಲ ವಕಾಲತ್ತನ್ನು ಯಾವಾಗ ಕಲಿತಿತೋ! ನಡೆದು ತೋರಿಸಲೆಂದು ಗೋಡೆಗೆ ಕೈ ಚಾಚಿದಳು. ನಾನು ಹಿಡಿದು ಕೂರಿಸಿದೆ.

"ಹೌದವ್ವಾ, ನೋಯ್ತೈತಿ," ಎಂದೆ.

ಅವಳು ತಲೆಯೆತ್ತಿ ನನ್ನ ಮುಖ ನೋಡಿದಳು. ಇನ್ನೂ ಹೇಳಬೇಕಾದದ್ದು ಬಹಳ ಉಳಿದಿತ್ತು, ಪಾಪ.

"ಮಮ್ಮಿ, ನೀ ನೋಡೇ ಇಲ್ಲಲ್ಲ?"

"ನೋಡೂದ್ಯಾಕ? ನೀ ಹೇಳಿದಿ ಅಲ್ಲ."

ಅಷ್ಟು ಹೊತ್ತು ಗಟ್ಟಿಯಾಗಿದ್ದವಳು ಆಗ ನನ್ನ ಸೆರಗಿನಲ್ಲಿ ಮುಖ ಹುದುಗಿಸಿ ಜೋರಾಗಿ ಅತ್ತಳು. ಹೊರಗೆ ಶಾಲೆಯ ವ್ಯಾನು ಎರಡು ಸಲ ಹಾರ್ನ್ ಹೊಡೆದು, ಕಾದು, ಹೊರಟುಹೋಯಿತು.