ತಾಟಿನಷ್ಟು ಚಕ್ರ

ನಕ್ಷೆಯಲ್ಲಿದ್ದ ಎಂಜಿನ್ನಿಗೆ ನಾನು ಪೆನ್ಸಿಲ್ ಹಿಡಿದು ದೊಡ್ಡದೊಂದು ಚಕ್ರ ಬರೆದೇಬಿಟ್ಟೆ. ಗಂಗಾವತಿಯ ಭತ್ತದ ಗಿರಣಿಯಲ್ಲಿ ಎಂಜಿನ್ ನಡೆಸುವವನು ನಾನು. ನಮ್ಮದರ ಪಕ್ಕದಲ್ಲಿ ತಿರುಗುವ ಭಾರದ ಚಕ್ರ ಆಳೆತ್ತರ. ನಕ್ಷೆಯಲ್ಲಿದ್ದದ್ದು ಊಟದ ತಾಟಿನಷ್ಟು. ತಪ್ಪು ತಿದ್ದಿದೆನೆಂದೇ ಹಿಗ್ಗಿದೆ.

ನಕ್ಷೆ ನಮ್ಮ ಮಾಲೀಕರ ತಂಗಿಯ ಮಗನದು. ವಿಲಾಯತಿಗೆ ಹೋಗಿ, ಗಾಲಿಗಳು ಮೈಯ ಹೊರಗೇ ಇರುವ ರೇಸಿನ ಕಾರುಗಳಿಗೆಂದೇ ಎಂಜಿನ್ ರೂಪಿಸುತ್ತಿದ್ದವರು. ಮಹಾಯುದ್ಧ ಶುರುವಾಗಿ ರೇಸು ನಿಂತದ್ದರಿಂದ ಊರಿಗೆ ಮರಳಿ, ಆ ನಕ್ಷೆಯನ್ನು ಗಿರಣಿಯವರಿಗೆಲ್ಲ ತೋರಿಸಿದ್ದರು.

ಅವರು ಸಿಟ್ಟಾಗಲಿಲ್ಲ. "ಕಾಕಾ, ನಿಮ್ಮ ಎಂಜಿನ್ ದಿನಪೂರ್ತಿ ಒಂದ ಸಮ ತಿರುಗಬೇಕು, ಅದಕ್ಕ ಭಾರದ ಚಕ್ರ ಬೇಕ್ರಿ. ನಂದರ ವೇಗ ತಿರುವಿನ್ಯಾಗ ತಟ್ಟನೆ ಇಳಿದು ತಟ್ಟನೆ ಏರಬೇಕು. ಅದಕ್ಕ ಒಂದೊಂದು ತೊಲಾ ಲೆಕ್ಕ ಹಾಕಿ ಭಾರ ಕಡಿಮಿ ಮಾಡೀನಿ. ಒಂದು ರೇಸು, ಮೂರು ತಾಸು ಓಡಿದ್ರ ಸಾಕು."

ಓಟದ ಎತ್ತನ್ನು ನೇಗಿಲಿಗೆ ಹೂಡದ ಊರಿನವನು ನಾನು. ಕೂಡಲೇ ತಿಳಿಯಿತು, ನಾಚಿಕೆಯೂ ಆಯಿತು. "ತಪ್ಪಾತ್ರಿ ಸಾಹೇಬ್ರ, ಅಳಿಸಿ ಕೊಡ್ತೀನಿ" ಎಂದೆ.

"ಇರಲಿ ಬಿಡ್ರಿ. ಇಲ್ಲಿ ಎಲ್ಲಾರೂ ಭಾಳ ಛಲೋ ಐತಿ ಅಂದ್ರು. ತಪ್ಪು ಹುಡುಕೂವಷ್ಟು ಮನಸ್ಸಿಟ್ಟು ನೋಡಿದವ್ರು ನೀವೊಬ್ರ" ಎಂದು ನಕ್ಷೆಯನ್ನು ನನ್ನ ಕೈಗೇ ಕೊಟ್ಟು ಹೋದರು.

ಯುದ್ಧ ಮುಗಿದರೂ ಅವರು ಮತ್ತೆ ವಿಲಾಯತಿಗೆ ಹೋಗಲಿಲ್ಲ. ಮೂರು ತಾಸಿಗೆಂದು ಹುಟ್ಟಿದ ಆ ಎಂಜಿನ್ ಒಂದು ಗಳಿಗೆಯೂ ಓಡಲಿಲ್ಲ. ನಕ್ಷೆ ನಮ್ಮ ಎಂಜಿನ್ ಕೋಣೆಯ ಗೋಡೆಯಲ್ಲಿದೆ. ನಾನು ಹೊರಿಸಿದ ಆ ಚಕ್ರವನ್ನು ಎಷ್ಟು ಸಲ ಉಜ್ಜಿದರೂ ಅದರ ಗೆರೆ ಇನ್ನೂ ಹೋಗಿಲ್ಲ.