ಪ್ಲಗ್ ಬದಲಿಸುವ ಕೈ

ನಮ್ಮ ಗಾಡಿ ಸತ್ತಿದೆ ಎಂದು ಮೊದಲು ಹೇಳಿದವನು ನನ್ನ ಮೈದುನ. ತನ್ನ ಅಣ್ಣ, ಅಂದರೆ ನನ್ನ ಗಂಡ, ತೀರಿಕೊಂಡಾಗ ಅವನು ಬಿಕ್ಕಿ ಬಿಕ್ಕಿ ಅತ್ತಿದ್ದ, ಅದನ್ನು ಇಲ್ಲವೆನ್ನಲಾರೆ. ಆದರೆ ಅಣ್ಣನ ಗಾಡಿಯ ಮಾತು ಬರುವ ಹೊತ್ತಿಗೆ ಕಣ್ಣು ಪೂರ್ತಿ ಒಣಗಿದ್ದವು.

ಗಾಡಿ ಎಂದರೆ ಒಂದು ಚಿಕ್ಕ ಪೆಟ್ರೋಲ್ ಪಿಕಪ್. ನಾನೂ ನನ್ನ ಗಂಡನೂ ಅದರಲ್ಲಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹೇರಿಕೊಂಡು ಸುತ್ತಲಿನ ಸಂತೆಗಳಿಗೆ ಹೋಗುತ್ತಿದ್ದೆವು. ಕಕ್ಕೇರಾ ಸಂತೆಯಲ್ಲಿ ಬೇವಿನ ಮರದ ಕೆಳಗೆ ನಮ್ಮದು ಖಾಯಂ ಜಾಗ. ಗಾಡಿ ಹೊಡೆಯುವುದು ಅವರ ಕೆಲಸ, ತಕ್ಕಡಿ ಹಿಡಿಯುವುದು ನನ್ನದು. ಗಿರಾಕಿಗಳ ಜೊತೆ ಜಗಳವೂ ನನ್ನ ಪಾಲಿಗೇ ಬಿದ್ದಿತ್ತು, ಏಕೆಂದರೆ ಅವರಿಗೆ ಗಟ್ಟಿ ದನಿಯೇ ಇರಲಿಲ್ಲ.

ಗ್ಯಾರೇಜಿಗೆ ಹೋದರೆ ಒಂದು ಸಂತೆ ತಪ್ಪುತ್ತದೆ ಎಂದು ಸಣ್ಣಪುಟ್ಟ ರಿಪೇರಿಯನ್ನೆಲ್ಲ ಅವರು ಸುರಪುರದ ನಮ್ಮ ಮನೆಯ ಅಂಗಳದಲ್ಲೇ ಮಾಡುತ್ತಿದ್ದರು. ಆ ಗಾಡಿಯ ಇಂಜಿನ್ ಮುಂದೆ ಇಲ್ಲ, ಡ್ರೈವರ್ ಸೀಟಿನ ಕೆಳಗಿದೆ. ಸೀಟು ಎತ್ತಿ ಹಿಂದಕ್ಕೆ ವಾಲಿಸಿದರೆ ಪ್ಲಗ್ಗುಗಳು ಕೈಗೆ ಸಿಗುತ್ತವೆ. ಅವರ ಕೈ ದಪ್ಪ, ಸಂದಿಯಲ್ಲಿ ಹೋಗುತ್ತಿರಲಿಲ್ಲ. ನನ್ನ ಕೈ ಹೋಗುತ್ತಿತ್ತು. ಹೀಗೆ ಮೊದಮೊದಲು ಪಾನಾ ಕೊಡುವವಳಾಗಿದ್ದ ನಾನು ಬರಬರುತ್ತ ಪ್ಲಗ್ ಬಿಚ್ಚುವವಳಾದೆ. ಅವರು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಚಹಾ ಕುಡಿಯುತ್ತ ಉಪದೇಶ ಮಾಡುವರು.

"ಒಂದೊಂದೇ ಬಿಚ್ಚು, ಒಂದೊಂದೇ ಹಾಕು. ಎಲ್ಲಾ ಒಮ್ಮಿಗೇ ಬಿಚ್ಚಿ ವೈರ್ ಅದಲುಬದಲು ಮಾಡಬ್ಯಾಡ."

"ಹೂಂ."

"ಮೊದಲ ಧೂಳ ಊದು. ಒಳಗ ಒಂದ ಹರಳ ಬಿತ್ತಂದ್ರ ಇಂಜಿನ್ ಕತಿ ಮುಗೀತು."

ನಮ್ಮ ಕಡೆಯ ಧೂಳನ್ನು ಊದಿ ಮುಗಿಸುವುದೆಂದರೆ ಏನು ಎಂಬುದು ಇಲ್ಲಿ ಸಂಸಾರ ಮಾಡಿದವರಿಗೇ ಗೊತ್ತು. ಪೆಟ್ರೋಲ್ ಪೈಪಿನ ಒಂದು ಗೇಣು ತುಂಡನ್ನು ಬಾಯಲ್ಲಿಟ್ಟುಕೊಂಡು ಊದುತ್ತಿದ್ದೆ. ಅದೇ ರಬ್ಬರ್ ತುಂಡು ಇನ್ನೊಂದು ಕೆಲಸಕ್ಕೂ ಬರುತ್ತಿತ್ತು. ಹೊಸ ಪ್ಲಗ್ಗಿನ ತಲೆಗೆ ಅದನ್ನು ಸಿಕ್ಕಿಸಿ, ತೂತಿನೊಳಗೆ ಇಳಿಸಿ, ಬೆರಳಿನಿಂದ ಮೆಲ್ಲಗೆ ತಿರುಗಿಸಬೇಕು. ತಿರುಪಿನ ಸುತ್ತು ಸರಿಯಾಗಿ ಕೂತರೆ ಪ್ಲಗ್ ತಾನಾಗಿ ಇಳಿಯುತ್ತದೆ. ಸೊಟ್ಟಗೆ ಕೂತರೆ ರಬ್ಬರ್ ಜಾರುತ್ತದೆ, ಅಲ್ಲೇ ನಿಲ್ಲಿಸಿ ಮತ್ತೆ ಮೊದಲಿನಿಂದ ಶುರು ಮಾಡಬೇಕು. ಪಾನಾ ಹಾಕುವುದು ಕೊನೆಗೆ, ಸ್ವಲ್ಪ ಬಿಗಿ ಮಾಡಲಿಕ್ಕೆ ಮಾತ್ರ. ಸುಗ್ಗಿ ಮುಗಿದ ಹತ್ತಿ ಹೊಲದಲ್ಲಿ ಗಾಡಿ ಹೊಡೆಯುವುದನ್ನೂ ಕಲಿಸಿದರು, ಲೈಸೆನ್ಸೂ ಮಾಡಿಸಿಕೊಟ್ಟರು. ಓಣಿಯವರು ನಕ್ಕರು. ನನ್ನ ಗಂಡನೂ ಅವರ ಜೊತೆ ಸೇರಿ ನಕ್ಕು, ಮರುದಿನ ಮತ್ತೆ ಚಾವಿ ನನ್ನ ಕೈಗೇ ಕೊಟ್ಟರು.

ಒಂದು ಸಂಜೆ ಸಂತೆಯಿಂದ ಬಂದವರು ಎದೆ ಹಿಡಿದಂಗಾಗುತ್ತದೆ ಎಂದು ಮಲಗಿದರು. ಮತ್ತೆ ಏಳಲಿಲ್ಲ. ಅಷ್ಟೇ, ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಮನಸ್ಸಿಲ್ಲ.

ಗಾಡಿ ತಿಂಗಳುಗಟ್ಟಲೆ ಅಂಗಳದಲ್ಲಿ ನಿಂತಿತು. ಕೋಳಿಗಳು ಅದರ ಮೇಲೆ ಕೂತವು. ಮೈದುನ ಆಗೊಮ್ಮೆ ಈಗೊಮ್ಮೆ ಬಂದು ಚಾವಿ ತಿರುಗಿಸಿ, ಎಕ್ಸಲೇಟರ್ ತುಳಿದು ತುಳಿದು, ಬ್ಯಾಟರಿ ಸುಸ್ತಾಗುವವರೆಗೆ ಕೊಯ್ಂ ಕೊಯ್ಂ ಅನ್ನಿಸಿ ಹೋಗುತ್ತಿದ್ದ. ಹಾಗೆ ತುಳಿದರೆ ಪ್ಲಗ್ ಪೆಟ್ರೋಲಿನಲ್ಲಿ ನೆನೆಯುತ್ತದೆ, ಹೊತ್ತುವುದಿಲ್ಲ ಎಂದು ಹೇಳಿದೆ. ಅವನು ಕೇಳಿಸಿಕೊಳ್ಳಲಿಲ್ಲ. ಒಂದು ದಿನ ಗುಜರಿಯವನನ್ನೇ ಕರೆದುಕೊಂಡು ಬಂದು ಅತ್ತಿಗೆಗೆ ಬುದ್ಧಿ ಹೇಳಿದ.

"ಇಂಜಿನ್ ಹೋಗ್ಯಾದರಿ ವೈನಿ. ಇಟ್ಕೊಂಡು ಏನ್ ಮಾಡ್ತೀರಿ? ಕಬ್ಬಿಣದ ರೇಟಿಗೆ ಹೋದ್ರ ಹೋಗಲಿ."

ಕಬ್ಬಿಣದ ರೇಟು! ನನ್ನ ಇಡೀ ದುಡಿಮೆ ಆ ಗಾಡಿಯ ಮೇಲೆ ನಿಂತಿತ್ತು. ಅದು ಹೋದರೆ ನನಗೆ ಸಂತೆ ಇಲ್ಲ, ಸಂತೆ ಇಲ್ಲದಿದ್ದರೆ ಇನ್ನೊಬ್ಬರ ಹೊಲದಲ್ಲಿ ಹತ್ತಿ ಬಿಡಿಸಬೇಕು ಅಥವಾ ಮೈದುನನ ಮನೆಯ ಒಲೆಯ ಮುಂದೆ ಕೂತು ಅವರು ಹಾಕಿದ್ದನ್ನು ಉಣ್ಣಬೇಕು. ನನಗೆ ಸಿಟ್ಟು ನೆತ್ತಿಗೇರಿತು.

"ಇಂಜಿನ್ ಹೋಗಿಲ್ಲ, ಪ್ಲಗ್ ಹೋಗ್ಯಾವ. ನಾ ಚಾಲೂ ಮಾಡಿ ತೋರಸ್ತೀನಿ" ಎಂದೆ.

ಅವನು ಗುಜರಿಯವನ ಕಡೆ ನೋಡಿ ನಕ್ಕ. ಕಟ್ಟೆಯ ಮೇಲೆ ಅತ್ತೆ ಕೂತಿದ್ದಳು. ಅವಳಿಗೂ ಕೇಳಿಸುವಂತೆ ಅಂದ: "ಚಾಲೂ ಮಾಡ್ರಿ ನೋಡೂಣು. ಚಾಲೂ ಆತಂದ್ರ ಗಾಡಿ ನಿಮ್ದರಿ. ನಾ ಮುಟ್ಟಂಗಿಲ್ಲ."

ನಾನು ಆ ಮಾತನ್ನು ನಂಬಿದೆ.

ಬ್ಯಾಟರಿ ಬಿಚ್ಚಿ ಚಾರ್ಜಿಗೆ ಕೊಟ್ಟೆ. ಶಹಾಪುರಕ್ಕೆ ಬಸ್ಸಿನಲ್ಲಿ ಹೋಗಿ, ಹಿಂದೊಮ್ಮೆ ಬಿಚ್ಚಿಟ್ಟಿದ್ದ ಹಳೆಯ ಪ್ಲಗ್ ತೋರಿಸಿ ಅದೇ ನಮೂನೆಯ ಹೊಸವು ಕೇಳಿದೆ. ಅಂಗಡಿಯವನು "ಮೆಕ್ಯಾನಿಕ್‌ನ ಕಳಸ್ರಿ ಅಕ್ಕಾ" ಅಂದ. ನಾನೇ ಮೆಕ್ಯಾನಿಕ್ ಅಂದೆ. ಅವನು ಇನ್ನೊಮ್ಮೆ ಮುಖ ನೋಡಿ ಪ್ಲಗ್ ಕೊಟ್ಟ.

ಮರುದಿನ ಬೆಳಿಗ್ಗೆ ಸೀಟು ಎತ್ತಲು ಹೋದಾಗ ಕೈ ನಿಂತುಬಿಟ್ಟಿತು. ನನ್ನ ಗಂಡ ಯಾವಾಗಲೂ ಬಾಗಿಲಿನ ಕಡೆ ವಾಲಿ, ಮೊಣಕೈ ಹೊರಗೆ ಹಾಕಿ ಕೂಡುತ್ತಿದ್ದರು. ಸೀಟಿನ ಸ್ಪಂಜು ಆ ಬದಿಗೆ ತಗ್ಗಾಗಿ ಅವರ ಅಳತೆಗೆ ಕೂತಿತ್ತು. ಅಂಗೈಯನ್ನು ಸ್ವಲ್ಪ ಹೊತ್ತು ಅಲ್ಲೇ ಇಟ್ಟೆ. ಆಮೇಲೆ ಸೀಟು ಎತ್ತಿದೆ.

ಧೂಳು ಊದಿದೆ. ಪ್ಲಗ್ಗುಗಳು ಕಾಡಿಗೆಯಂತೆ ಕಪ್ಪಾಗಿದ್ದವು, ಪೆಟ್ರೋಲಿನಲ್ಲಿ ತೊಯ್ದು ನಾರುತ್ತಿದ್ದವು. ಒಳಗಿನ ತೇವ ಆರಲೆಂದು ಒಂದೊಂದು ತೂತನ್ನೂ ಸ್ವಲ್ಪ ಹೊತ್ತು ತೆರೆದಿಟ್ಟು, ಒಂದೊಂದಾಗಿ ಹೊಸವನ್ನು ಇಳಿಸಿದೆ. ರಬ್ಬರ್ ತುಂಡು ಎಲ್ಲೂ ಜಾರಲಿಲ್ಲ. ಚಾವಿ ತಿರುಗಿಸಿದಾಗ ಗಾಡಿ ಎರಡು ಸಲ ಕೆಮ್ಮಿತು, ಮೂರನೆಯ ಸಲ ಹೊಗೆಯುಗುಳಿ ಎದ್ದು ನಿಂತಿತು. ಕೋಳಿಗಳು ಹಾರಿ ಓಡಿದವು. ನಾನು ಸ್ಟೇರಿಂಗಿಗೆ ಹಣೆಯಿಟ್ಟು ಜೋರಾಗಿ ಅತ್ತೆ, ಇಂಜಿನ್ ಸದ್ದಿನಲ್ಲಿ ಯಾರಿಗೂ ಕೇಳಿಸದು ಎಂಬ ಧೈರ್ಯದಿಂದ.

ಮೈದುನ ಬಂದ, ಅವನ ಹೆಂಡತಿ ಬಂದಳು, ಓಣಿಯ ನಾಲ್ಕು ಜನ ಬಂದರು. "ಶಭಾಶ್ ವೈನಿ" ಎಂದ ಮೈದುನ. ನಿಜವಾಗಿಯೂ ಖುಷಿಯಾಗಿದ್ದ. ಆ ಖುಷಿ ಯಾತಕ್ಕೆಂದು ನನಗೆ ಆಗಲೇ ಅರ್ಥವಾಗಬೇಕಿತ್ತು.

"ನಾಳಿಗಿ ಅಮಾಸಿ ಅದ. ಪೂಜಿ ಮಾಡಿ ರೋಡಿಗಿ ಇಳಸೂಣು" ಎಂದಳು ಅತ್ತೆ.

ಅಮಾವಾಸ್ಯೆಯ ಬೆಳಿಗ್ಗೆ ಗಾಡಿ ತೊಳೆದವಳು ನಾನು. ಹಾರ ಕಟ್ಟಿದವಳು ನಾನು. ತೆಂಗಿನಕಾಯಿ, ನಿಂಬೆಹಣ್ಣು, ಊದಿನಕಡ್ಡಿ ತಂದವಳೂ ನಾನು. ತಾಟು ಹಿಡಿದು ಗಾಡಿಯ ಮುಂದೆ ಬಂದಾಗ ಅತ್ತೆ ಮೆಲ್ಲಗೆ ನನ್ನ ರಟ್ಟೆ ಹಿಡಿದಳು.

"ನೀ ಆಕಡಿ ಸರಿಯವ್ವಾ. ಮುತ್ತೈದಿ ಕೈಲೆ ಮಾಡಸೂಣು. ಹೊರಗ ಹೋಗೂ ಗಾಡಿ ಅದ."

ಬೈಯಲಿಲ್ಲ. ಪ್ರೀತಿಯಿಂದಲೇ ಹೇಳಿದಳು. ಅಬ್ಬೆತುಮಕೂರಿನ ಮಠಕ್ಕೆ ತಪ್ಪದೆ ಹೋಗಿ ಪ್ರವಚನ ಕೇಳಿ, ಶಿವನ ಮುಂದೆ ಎಲ್ಲರೂ ಒಂದೇ ಎಂದು ಮನೆಗೆ ಬಂದು ನಮಗೆಲ್ಲ ಹೇಳುವವಳು ಅವಳೇ. ತಾಟು ನನ್ನ ಕೈಯಿಂದ ಮೈದುನನ ಹೆಂಡತಿ, ನನ್ನ ನೆಗೆಣ್ಣಿಯ ಕೈಗೆ ಹೋಯಿತು. ಅವಳು ಗಾಡಿಯ ಮೂತಿಗೆ ಕುಂಕುಮ ಹಚ್ಚಿ, ಸ್ಟೇರಿಂಗಿಗೆ ಹಚ್ಚಿ, ಆರತಿ ಎತ್ತಿದಳು. ಮೈದುನ ಗಾಲಿಗಳ ಕೆಳಗೆ ನಿಂಬೆಹಣ್ಣಿಟ್ಟು ಡ್ರೈವರ್ ಸೀಟಿಗೆ ಹತ್ತಿದ. "ಮೊದಲ ತಿಂಥಣಿಗಿ ಹೋಗಿ ಮೌನೇಶ್ವರಗ ಕಾಯಿ ಒಡಸ್ಕೊಂಡು ಬರ್ತೀವಿ" ಎಂದ. ಅತ್ತೆ, ನೆಗೆಣ್ಣಿ, ಅವರ ಮಕ್ಕಳು ಎಲ್ಲರೂ ಹತ್ತಿದರು. ನಿಂಬೆಹಣ್ಣು ಪಚಕ್ಕೆಂದು ಒಡೆದವು. ಗಾಡಿ ಹೊರಟಿತು. ನಾನು ಮಸಿಗೈಯಲ್ಲೇ ಅಂಗಳದಲ್ಲಿ ನಿಂತಿದ್ದೆ, ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ.

ಸಂಜೆ ಗಾಡಿ ಬಂತು, ಚಾವಿ ಬರಲಿಲ್ಲ. ಅದು ಮೈದುನನ ಉಡದಾರಕ್ಕೆ ಸೇರಿತ್ತು.

ನೀನು ಜಗಳ ಮಾಡಲಿಲ್ಲವೇ ಎಂದು ಕೇಳುತ್ತಾರೆ. ಮಾಡದೆ ಬಿಡುವ ಹೆಂಗಸೇ ನಾನು? ಓಣಿಗೆಲ್ಲ ಕೇಳುವಂತೆ ಮಾಡಿದೆ. ಅವನು ಒಮ್ಮೆಯೂ ದನಿ ಏರಿಸಲಿಲ್ಲ.

"ಗಾಡಿ ನಿಮ್ದ ಅದರಿ ವೈನಿ, ಯಾರ್ ಇಲ್ಲಂದಾರ? ನಾ ಬರೇ ಹೊಡೀತೀನಿ. ನೀವು ಒಬ್ಬರೇ ಗಾಡಿ ಹೊಡಕೊಂಡು ಸಂತಿಗಿ ಹೋದ್ರ ನಾವು ಮಂದ್ಯಾಗ ಮಾರಿ ಹೆಂಗ ತೋರಸಬೇಕು?"

ಅತ್ತೆ ಹೌದೆಂದು ತಲೆಯಾಡಿಸಿದಳು. ಓಣಿಯವರೂ ತಲೆಯಾಡಿಸಿದರು. ಗಂಡ ಬದುಕಿದ್ದಾಗ ನಾನು ಗಾಡಿ ಹೊಡೆದರೆ ಅದು ನಗುವ ವಿಷಯವಾಗಿತ್ತು, ಈಗ ಮಾನದ ವಿಷಯವಾಯಿತು. ಗಾಡಿಯ ಕಾಗದ ಇನ್ನೂ ಸತ್ತವರ ಹೆಸರಿನಲ್ಲೇ ಇದೆ, ಅವರೇ ಎದ್ದು ಬಂದು ತೀರ್ಮಾನ ಹೇಳಲಿ ಎನ್ನುವ ಹಾಗೆ. ನಾನು ಈಗ ಕಕ್ಕೇರಾಕ್ಕೆ ಟಂಟಂ ಆಟೋದಲ್ಲಿ ಹೋಗುತ್ತೇನೆ, ಒಂದು ಚೀಲ ಬೆಳ್ಳುಳ್ಳಿಯನ್ನು ಮೊಣಕಾಲ ನಡುವೆ ಹಿಡಿದುಕೊಂಡು. ಬೇವಿನ ಮರದ ಕೆಳಗೆ ಬೇರೆಯವರು ಗಾಡಿ ನಿಲ್ಲಿಸುತ್ತಾರೆ. ದಾರಿಯಲ್ಲಿ ಕೆಲವೊಮ್ಮೆ ನಮ್ಮ ಗಾಡಿ ಹಾರ್ನ್ ಹೊಡೆದು ನಮ್ಮ ಟಂಟಂ ದಾಟಿಕೊಂಡು ಮುಂದೆ ಹೋಗುತ್ತದೆ.

ಆದರೆ ಗಾಡಿ ತಡವರಿಸಿತೋ, ಮೈದುನ ಅದನ್ನು ನೇರವಾಗಿ ನನ್ನ ಮುಂದೆ ತಂದು ನಿಲ್ಲಿಸುತ್ತಾನೆ. "ವೈನಿ, ಮಿಸ್ಸಿಂಗ್ ಹೊಡಿಲಾಕತ್ಯಾದ. ಪ್ಲಗ್ ನೋಡ್ರಿ ಜರಾ. ನಿಮ್ಮ ಕೈಗೇ ಕೇಳ್ತದ ಅದು." ಕುಂಕುಮಕ್ಕೆ ಬಾರದ ಕೈ ಪ್ಲಗ್ಗಿಗೆ ಬರುತ್ತದೆ. ಅತ್ತೆಯೂ ಆಗ ಕಟ್ಟೆಯ ಮೇಲೆ ಕೂತು ನೋಡುತ್ತಾಳೆ, ಆಕಡಿ ಸರಿ ಎನ್ನುವುದಿಲ್ಲ. ನಾನು ಯಾಕೆ ಮಾಡಿಕೊಡುತ್ತೇನೆ ಎಂದರೆ, ಮಾಡದಿದ್ದರೆ ಅದು ಗುಜರಿಗೆ ಹೋಗುತ್ತದೆ. ಇನ್ನೊಂದು ಕಾರಣವೂ ಇದೆ. ಪ್ಲಗ್ ಬದಲಿಸಿದ ಮೇಲೆ ಟ್ರಯಲ್ ನೋಡಬೇಕು, ಅಷ್ಟು ಹೊತ್ತು ಚಾವಿ ನನ್ನ ಕೈಯಲ್ಲಿರುತ್ತದೆ.

ಮೊನ್ನೆಯೂ ತಂದ. ರಬ್ಬರ್ ತುಂಡು, ಪಾನಾ ತೆಗೆದುಕೊಂಡು ಬಾಗಿಲು ತೆರೆದೆ. ಸೀಟಿಗೆ ಕೆಂಪು ಹೊಸ ಕವರ್ ಬಂದಿತ್ತು. ಅಂಗೈ ಇಟ್ಟೆ. ಸೀಟು ಸಮನಾಗಿತ್ತು, ಬಿಗಿಯಾಗಿತ್ತು.

"ಹಳೇದು ಒಂದ ಕಡಿ ಕುಸದಿತ್ತರಿ, ಸೊಂಟ ನೋಯ್ತಿತ್ತು. ಹೊಸಾ ಸ್ಪಂಜ್ ಹಾಕ್ಸೀನಿ" ಎಂದ, ಮೆಚ್ಚುಗೆ ಬರುತ್ತದೆಂದು ಕಾಯುತ್ತ.

"ಹಳೇದು ಎಲ್ಲದ?"

"ಅಲ್ಲೇ ಅಂಗಡ್ಯಾಗ ಬಿಟ್ಟು ಬಂದೆರಿ. ಯಾಕ?"

ಸೀಟು ಎತ್ತಿ ಪ್ಲಗ್ ಬದಲಿಸಿದೆ. ಟ್ರಯಲ್ ಎಂದು ಕಾಲುವೆಯ ಸೇತುವೆಯವರೆಗೆ ಹೊಡೆದುಕೊಂಡು ಹೋದೆ. ಇಂಜಿನ್ ಸರಿಯಾಗಿದೆ ಎಂದು ಓಣಿ ದಾಟುವಾಗಲೇ ಗೊತ್ತಾಗಿತ್ತು. ಹೊಸ ಸೀಟು ನನ್ನನ್ನು ಎತ್ತಿ ಎತ್ತಿ ಹಾಕುತ್ತಿತ್ತು, ಎಲ್ಲಿ ಹೇಗೆ ಕೂಡಬೇಕೋ ತಿಳಿಯಲಿಲ್ಲ. ಸೇತುವೆಯ ಮೇಲೆ ಗಾಡಿ ನಿಲ್ಲಿಸಿ, ಬಾಗಿಲಿನ ಕಡೆ ವಾಲಿ, ಮೊಣಕೈ ಹೊರಗೆ ಹಾಕಿ ಕೂತು ನೋಡಿದೆ. ಮುಂದೆ ಕಕ್ಕೇರಾ ರಸ್ತೆ ಖಾಲಿಯಿತ್ತು. ಸ್ವಲ್ಪ ಹೊತ್ತಿಗೆ ಗಾಡಿ ತಿರುಗಿಸಿದೆ.

ಮೈದುನ ಅಂಗಳದಲ್ಲೇ ಕಾಯುತ್ತಿದ್ದ. ಬಾಗಿಲು ತೆರೆದು ಅಂಗೈ ಚಾಚಿದ.

"ಸರಿ ಅದ?" ಎಂದು ಕೇಳಿದ.

"ಸರಿ ಅದ" ಎಂದೆ. ನನ್ನ ಗಾಡಿಯ ಚಾವಿಯನ್ನು ಅವನ ಕೈಗೆ ಕೊಟ್ಟು ಕೆಳಗಿಳಿದೆ.