ತವರಿನ ಕಾಫಿ ಗಿಡಗಳು

ತೊಂಬತ್ತರ ದಶಕದ ಶುರುವಿನಲ್ಲಿ, ಮದುವೆಯಾಗಿ ಸಕಲೇಶಪುರದ ಕಡೆಯಿಂದ ಸಂತೆಬಾಚಹಳ್ಳಿ ಹತ್ತಿರದ ಊರಿಗೆ ಬಂದಾಗ, ಅಮ್ಮ ನನ್ನೊಂದಿಗೆ ಒಂದಷ್ಟು ಕಾಫಿ ಸಸಿ ಕಳಿಸಿದ್ದಳು. ಕಬ್ಬಿನ ಸೀಮೆಯಲ್ಲಿ ಕಾಫಿಯೇ ಎಂದು ಊರೆಲ್ಲ ನಕ್ಕಿತು. ನಗಲಿ ಬಿಡಿ. ಅತ್ತೆ ಮಾತ್ರ ತೆಂಗಿನ ತೋಟದ ನೆರಳಲ್ಲಿ ಅವನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿ ಬೆಳೆಸಿದರು. ಮೊದಲ ಸಲ ಹೂ ಬಿಟ್ಟಾಗ ಅಕ್ಕಪಕ್ಕದ ಹೆಂಗಸರನ್ನೆಲ್ಲ ಕರೆತಂದು ತೋರಿಸಿದರು.

ನಾನು ಬಸುರಿಯಾಗಿದ್ದ ವರ್ಷ, ಗೌರಿ ಹಬ್ಬದ ಹೊತ್ತಿಗೆ, ಒಂದೆರಡು ಗಿಡದ ಎಲೆ ಹಳದಿಯಾದವು. ಕಾಂಡ ಸವರಿ ನೋಡಿದರೆ ತೊಗಟೆಯ ಮೇಲೆ ಬಳೆಯ ಹಾಗೆ ಉಬ್ಬು. ಕಾಂಡಕೊರಕ! ಹಾಳಾದ್ದು, ನನ್ನ ಹಿಂದೆಯೇ ಇಲ್ಲಿಗೂ ಬಂದಿತ್ತು. ತವರಲ್ಲಿ ಅಪ್ಪ ಇಂಥ ಗಿಡವನ್ನು ಬುಡಸಮೇತ ಕಿತ್ತು ಅಲ್ಲೇ ಸುಡಿಸುತ್ತಿದ್ದರು. ಕಿತ್ತು ಸುಡದೆ ಬಿಟ್ಟರೆ ಒಳಗಿನ ಹುಳ ದುಂಬಿಯಾಗಿ ಹೊರಬಂದು ಉಳಿದ ಗಿಡಗಳಲ್ಲಿ ಮೊಟ್ಟೆಯಿಡುತ್ತದೆ. ನಮ್ಮ ಯಜಮಾನರು ಗಿಡ ಕಿತ್ತರು. "ಇವತ್ತೇ ಸುಟ್ಟುಬಿಡಿ ಅತ್ತೆ" ಎಂದು ಹೇಳಿ ನಾನು ಹೆರಿಗೆಗೆಂದು ತವರಿನ ಬಸ್ಸು ಹತ್ತಿದೆ.

ಯುಗಾದಿಗೆ ಮಗುವಿನೊಂದಿಗೆ ವಾಪಸು ಬಂದವಳು ತೋಟಕ್ಕೆ ಹೋಗಿ ನೋಡುತ್ತೇನೆ, ಹೆಚ್ಚುಕಡಿಮೆ ಎಲ್ಲ ಗಿಡಗಳ ಮೇಲೂ ಅದೇ ಉಬ್ಬು. ಬಚ್ಚಲ ಪಕ್ಕದ ಸೂರಿನಡಿ ಆ ಕಾಫಿ ಕಟ್ಟಿಗೆ ಅಚ್ಚುಕಟ್ಟಾಗಿ ಒಟ್ಟಿತ್ತು. ಮೈತುಂಬ ತೂತು, ದುಂಬಿಗಳು ಹಾರಿಹೋಗಿ ಎಷ್ಟು ಕಾಲವಾಗಿತ್ತೋ. ನನಗೆ ಮೈಯೆಲ್ಲ ಉರಿದುಹೋಯಿತು.

"ಸುಡಿ ಅಂದಿದ್ದೆನಲ್ಲ ಅತ್ತೆ!"

ಅತ್ತೆಯ ಮುಖ ಬಾಡಿತು. "ಅಂಗೇ ಬಯ್ಲಲ್ಲಿ ಸುಡಕ್ಕೆ ಮನ್ಸು ಬರ್ಲಿಲ್ಲ ಕಣವ್ವ. ಗಟ್ಟಿ ಸೌದೆ, ಒಳ್ಳೆ ಕೆಂಡ ಆಯ್ತದೆ. ನೀನೂ ಮಗವೂ ಬಂದಾಗ ನೀರು ಕಾಸನ ಅಂತ ಮಡಗಿದ್ದೆ."

ಈ ಕಡೆ ಕಬ್ಬಿನ ತರಗು ಸುಡುತ್ತಾರೆ, ಸೌದೆಯನ್ನು ಬಯಲಲ್ಲಿ ಸುಡುವವರು ಯಾರೂ ಇಲ್ಲ. ಅದರಲ್ಲೂ ಬಾಣಂತಿ ನೀರಿಗೆಂದು ಎತ್ತಿಟ್ಟವರ ಮೇಲೆ ಹೇಗೆ ರೇಗುವುದು? ನನಗೆ ಅಳು ಬಂತು, ಗಿಡ ಹೋದದ್ದಕ್ಕೂ, ಅವರ ಅಷ್ಟೊಂದು ಪ್ರೀತಿಗೂ.

ಹುಳ ಹಿಡಿದ ಗಿಡಗಳನ್ನೆಲ್ಲ ಅತ್ತೆ ತಾವೇ ಮುಂದೆ ನಿಂತು ಕೀಳಿಸಿದರು. ಹಸಿ ಕಟ್ಟಿಗೆ, ಬಚ್ಚಲೆಲ್ಲ ಹೊಗೆ. ಕಣ್ಣೊರೆಸಿಕೊಳ್ಳುತ್ತ, ಊದಿ ಊದಿ, ಒಂದು ಕಡ್ಡಿಯೂ ಉಳಿಯದ ಹಾಗೆ ಒಲೆಗೆ ತುರುಕಿದರು. ಆಮೇಲೆ ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹುಯ್ಯತೊಡಗಿದರು.

"ನಿಮ್ಮವ್ವ ತಂದ ಗಿಡದ ಬೆಂಕಿ ಕಣ್ಲಾ, ಬೆಚ್ಚಗದಾ?" ಎಂದು ಮಗುವನ್ನು ಕೇಳಿದರು. ನನ್ನ ಕಡೆ ತಿರುಗದೆ, "ಇನ್ನೊಂದ್ಸಲ ಹೋದಾಗ ನಾಕು ಸಸಿ ತತ್ತೀಯೇನವ್ವ? ಈ ಸಲ ಸುಡು ಅಂದ್ರೆ ಸುಟ್ಬುಡ್ತೀನಿ" ಎಂದರು.

"ತರ್ತೀನಿ ಅತ್ತೆ" ಎಂದು ಚೊಂಬಿಗೆ ಬಿಸಿನೀರು ತುಂಬಿ ಕೊಟ್ಟೆ.